ಡ್ರೈವರ್‌ನಿಂದ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್) ಕೊಡುವಾಗ ಕೊನೇ ಹೆಜ್ಜೆಯಲ್ಲಿ ಕಾಪಿ_ಟು_ಯೂಸರ್ ಕೈಕೊಟ್ಟರೆ ಏನು ಮಾಡಬೇಕು?

ಚಾನಲ್_ಎಂಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಪಿಸಿಐಇ ಕಾರ್ಡ್‌ಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಸೆನ್ಸರ್‌ಗಳಿಂದ ಡೇಟಾ ಹಿಡಿಯುವ ಕಾರ್ಡ್, 8 ಚಾನಲ್ ಇದೆ. ಯೂಸರ್‌ಗೆ ಕಾಣುವುದು /ಡೆವ್ ಕೆಳಗೆ ಒಂದೇ ನೋಡ್. ಅದನ್ನು ಓಪನ್ ಮಾಡಿ, ಒಂದು ಐಆಕ್ಟಲ್‌ನಲ್ಲಿ (ಡ್ರೈವರ್‌ಗೆ ಆಜ್ಞೆ ಕೊಡುವ ಸಿಸ್ಟಮ್ ಕಾಲ್) ಯಾವ ಚಾನಲ್ ಬೇಕು, ಬಫರ್ ಎಷ್ಟು ದೊಡ್ಡದು ಬೇಕು ಅಂತ ಹೇಳಿದರೆ, ಆ ಚಾನಲ್‌ಗೇ ಅಂತ ಬೇರೆ ಒಂದು ಎಫ್‌ಡಿ ಕೊಡುತ್ತೇನೆ. ಆಮೇಲೆ ರೀಡ್, ಪೋಲ್, ಎಂಮ್ಯಾಪ್ ಎಲ್ಲ ಆ ಎಫ್‌ಡಿ ಮೇಲೆ. ಎಫ್‌ಡಿ ಕ್ಲೋಸ್ ಆದರೆ ಚಾನಲ್ ಬಿಡುಗಡೆ. ಇಷ್ಟು ವಿನ್ಯಾಸ.

ಈಗ ತೊಂದರೆ ಕೇಳಿ. ಐಆಕ್ಟಲ್ ಒಳಗೆ ಮೊದಲು ಸ್ಟ್ರಕ್ಟ್ ಓದಿಕೊಳ್ಳುತ್ತೇನೆ, ಚಾನಲ್ ಹಿಡಿಯುತ್ತೇನೆ, ಆಮೇಲೆ ಅನಾನ್_ಐನೋಡ್_ಗೆಟ್‌ಎಫ್‌ಡಿ ಕರೆಯುತ್ತೇನೆ. ಅದು ಕೊಟ್ಟ ನಂಬರನ್ನು ಸ್ಟ್ರಕ್ಟ್‌ಗೆ ತುಂಬಿ ಕಾಪಿ_ಟು_ಯೂಸರ್, ಅಂದರೆ ಯೂಸರ್ ಮೆಮೊರಿಗೆ ನಕಲು. ಅದು ಸೋತರೆ ಪುಟ್_ಅನ್‌ಯೂಸ್ಡ್_ಎಫ್‌ಡಿ ಕರೆದು, ಚಾನಲ್ ಬಿಟ್ಟು, ಇಫಾಲ್ಟ್ (ವಿಳಾಸ ಸರಿಯಿಲ್ಲ ಅನ್ನುವ ಎರರ್) ಅಂತ ವಾಪಸ್. ನನಗೆ ಇದು ಅಚ್ಚುಕಟ್ಟಾಗೇ ಕಂಡಿತ್ತು. ಹಿಡಿದದ್ದನ್ನೆಲ್ಲ ಬಿಟ್ಟಿದ್ದೇನೆ ಅಲ್ವಾ?

ನಮ್ಮ ಟೀಮಿನ ಹಿರಿಯರು ಕೋಡ್ ನೋಡಿ "ಇದು ದೊಡ್ಡ ತಪ್ಪು, ಭದ್ರತೆಯ ತೂತು" ಅಂದರು. ಯಾಕೆ ಅಂತ ಕೂತು ಹೇಳೋಷ್ಟು ಪುರುಸೊತ್ತು ಅವರಿಗಿರಲಿಲ್ಲ, ರಜೆಗೆ ಹೊರಟಿದ್ದರು. ಹಾಗಾದರೆ ಎಫ್‌ಡಿಯನ್ನು ಕರ್ನಲ್ ಒಳಗಿಂದಲೇ ಕ್ಲೋಸ್ ಮಾಡಿಬಿಡಲಾ ಅಂತ ಯೋಚಿಸಿದೆ, ಕ್ಲೋಸ್_ಎಫ್‌ಡಿ ಅಂತ ಒಂದು ಫಂಕ್ಷನ್ ಇದೆ. ಅಥವಾ ಎಫ್‌ಡಿಯನ್ನು ಸ್ಟ್ರಕ್ಟ್‌ನಲ್ಲಿ ಕೊಡದೆ ಐಆಕ್ಟಲ್‌ನ ರಿಟರ್ನ್ ವ್ಯಾಲ್ಯೂ ಆಗಿ ಕೊಡಬೇಕಾ? ಈ ಇಂಟರ್ಫೇಸ್ ಒಮ್ಮೆ ಹೊರಗೆ ಹೋದರೆ ಬದಲಿಸೋಕೆ ಆಗಲ್ಲ, ಅದಕ್ಕೇ ಈಗಲೇ ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಹಳೆ_ಪ್ಯಾಚ್

ನಿಮ್ಮ ಹಿರಿಯರು ಹೇಳಿದ್ದು ನಿಜ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ, ಇದು ಅರ್ಥವಾದರೆ ಉಳಿದದ್ದು ತಾನೇ ಬರುತ್ತದೆ.

ದೇವಸ್ಥಾನದ ಮುಂದೆ ಚಪ್ಪಲಿ ಸ್ಟ್ಯಾಂಡ್ ನೋಡಿದ್ದೀರಲ್ಲ. ಟೋಕನ್ ನಂಬರ್ ಬೇರೆ, ಗೂಡಿನಲ್ಲಿ ಇಡುವ ಚಪ್ಪಲಿ ಬೇರೆ. ಎಫ್‌ಡಿ ಅನ್ನುವುದು ಬರೀ ಟೋಕನ್ ನಂಬರ್. ಚಪ್ಪಲಿ ಅಂದರೆ ಕರ್ನಲ್‌ನ ಸ್ಟ್ರಕ್ಟ್ ಫೈಲ್. ಗೂಡುಗಳ ಸಾಲು ಅಂದರೆ ಪ್ರೋಸೆಸ್‌ನ ಎಫ್‌ಡಿ ಟೇಬಲ್. ಗೆಟ್_ಅನ್‌ಯೂಸ್ಡ್_ಎಫ್‌ಡಿ_ಫ್ಲ್ಯಾಗ್ಸ್ ಕರೆದಾಗ ಪುಸ್ತಕದಲ್ಲಿ "7ನೇ ನಂಬರ್ ಹಿಡಿದಿದೆ" ಅಂತ ಗುರುತು ಬೀಳುತ್ತದೆ, ಗೂಡು ಮಾತ್ರ ಖಾಲಿ. ಈ ಹೊತ್ತಿನಲ್ಲಿ ಯಾರಾದರೂ 7 ಅಂತ ಬಂದರೂ ಏನೂ ಸಿಗಲ್ಲ. ಎಫ್‌ಡಿ_ಇನ್‌ಸ್ಟಾಲ್ ಕರೆದ ಕ್ಷಣ ಚಪ್ಪಲಿ ಗೂಡಿಗೆ ಬಂತು. ಆಮೇಲೆ ಆ ಪ್ರೋಸೆಸ್‌ನ ಯಾವ ಥ್ರೆಡ್ ಬೇಕಾದರೂ 7 ಅಂತ ಹೇಳಿ ಅದನ್ನು ಬಳಸಬಹುದು, ಕ್ಲೋಸ್ ಮಾಡಬಹುದು, ಡಪ್ ಮಾಡಬಹುದು, ಯೂನಿಕ್ಸ್ ಸಾಕೆಟ್‌ನಲ್ಲಿ ಬೇರೆ ಪ್ರೋಸೆಸ್‌ಗೆ ದಾಟಿಸಬಹುದು. ನಿಮ್ಮ ಐಆಕ್ಟಲ್ ಇನ್ನೂ ವಾಪಸ್ ಬಂದಿಲ್ಲ, ನಂಬರ್ ಯಾರಿಗೂ ಹೇಳಿಲ್ಲ ಅನ್ನುವುದು ಲೆಕ್ಕಕ್ಕೇ ಬರಲ್ಲ. ಯಾಕೆಂದರೆ ಕರ್ನಲ್ ಯಾವಾಗಲೂ ಖಾಲಿ ಇರುವ ಅತಿ ಚಿಕ್ಕ ನಂಬರನ್ನೇ ಕೊಡುತ್ತದೆ, ಊಹಿಸೋದು ಏನೂ ಕಷ್ಟವಲ್ಲ.

ನೀವು ಕರೆದ ಅನಾನ್_ಐನೋಡ್_ಗೆಟ್‌ಎಫ್‌ಡಿ ಈ ಮೂರೂ ಕೆಲಸ ಒಟ್ಟಿಗೆ ಮಾಡುತ್ತದೆ: ನಂಬರ್ ಹಿಡಿಯೋದು, ಫೈಲ್ ಹುಟ್ಟಿಸೋದು, ಗೂಡಿಗೆ ಇಡೋದು. ಅದು ವಾಪಸ್ ಬರುವಷ್ಟರಲ್ಲಿ ಫೈಲ್ ನಿಮ್ಮದಲ್ಲ, ಯೂಸರ್‌ದು. ಡಿಎಂಎ_ಬಫ್_ಎಫ್‌ಡಿ ಕೂಡ ಹಾಗೇ, ಹೆಸರಿನಲ್ಲಿ ಇನ್‌ಸ್ಟಾಲ್ ಅಂತ ಎಲ್ಲೂ ಇಲ್ಲ, ಒಳಗೆ ಮಾಡಿರುತ್ತದೆ.

ಇನ್ನು ಪುಟ್_ಅನ್‌ಯೂಸ್ಡ್_ಎಫ್‌ಡಿ ಏನು ಮಾಡುತ್ತದೆ ನೋಡಿ. ಪುಸ್ತಕದಲ್ಲಿನ ಗುರುತು ಅಳಿಸುತ್ತದೆ, ಅಷ್ಟೇ. ಗೂಡಿಗೆ ಕೈ ಹಾಕಲ್ಲ. ಇನ್‌ಸ್ಟಾಲ್ ಆಗುವ ಮೊದಲು ಗೂಡು ಖಾಲಿ ಇರುವುದರಿಂದ ಅದು ಸರಿ. ಆಮೇಲೆ ಕರೆದರೆ ಪುಸ್ತಕ ಒಂದು ಹೇಳುತ್ತದೆ, ಗೂಡಿನಲ್ಲಿ ಇನ್ನೊಂದು ಇರುತ್ತದೆ. ಅದರ ಜೊತೆ ಎಫ್‌ಪುಟ್ (ಫೈಲ್ ಹಿಡಿದಿರುವವರ ಲೆಕ್ಕ, ಅಂದರೆ ರೆಫರೆನ್ಸ್, ಒಂದು ಇಳಿಸುವ ಕರೆ) ಕೂಡ ಮಾಡಿಬಿಟ್ಟರೆ ಇನ್ನೂ ಅಪಾಯ: ಫೈಲ್‌ನ ಮೆಮೊರಿ ಬಿಡುಗಡೆ ಆಯಿತು, ಆದರೆ ಟೇಬಲ್‌ನಲ್ಲಿ ಅದರ ಪಾಯಿಂಟರ್ ಹಾಗೇ ಉಳಿಯಿತು.

ಇದು ಸುಮ್ನೆ ಪುಸ್ತಕದ ಭಯ ಅಲ್ಲ. ಸಿವಿಇ-2022-22942 (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಕ್ಕೆ ಕೊಡುವ ನಂಬರ್) ಇದೇ ತಪ್ಪು. ವಿಎಂವೇರ್ ವರ್ಚುವಲ್ ಯಂತ್ರಗಳಲ್ಲಿ ಬಳಸುವ ವಿಎಂಡಬ್ಲ್ಯುಜಿಎಫ್ಎಕ್ಸ್ ಗ್ರಾಫಿಕ್ಸ್ ಡ್ರೈವರ್, 4.14ನೇ ಕರ್ನಲ್‌ನಲ್ಲಿ ಫೆನ್ಸ್ ಎಫ್‌ಡಿ ಕೊಡುವ ಸೌಲಭ್ಯ ಬಂದಾಗ ಈ ತಪ್ಪೂ ಜೊತೆಗೇ ಬಂತು, 2022ರ ಜನವರಿಯವರೆಗೂ ಇತ್ತು. ಅಲ್ಲಿ ಮೊದಲು ಎಫ್‌ಡಿ_ಇನ್‌ಸ್ಟಾಲ್, ಆಮೇಲೆ ಕಾಪಿ_ಟು_ಯೂಸರ್, ಅದು ಸೋತರೆ ಎಫ್‌ಪುಟ್ ಮತ್ತು ಪುಟ್_ಅನ್‌ಯೂಸ್ಡ್_ಎಫ್‌ಡಿ. ಬಿಡುಗಡೆಯಾದ ಆ ಜಾಗವನ್ನು ಕರ್ನಲ್ ಇನ್ಯಾವುದೋ ಫೈಲ್‌ಗೆ ಕೊಡುತ್ತದೆ. ಅದು ಬೇರೆ ಪ್ರೋಸೆಸ್ ತೆರೆದ ಫೈಲ್ ಇರಬಹುದು, ರೂಟ್ ತೆರೆದದ್ದೂ ಇರಬಹುದು. ಹಳೇ ಟೋಕನ್ ಇಟ್ಟುಕೊಂಡ ಸಾಮಾನ್ಯ ಯೂಸರ್ ಕೈಗೆ ಅದು ಸಿಗುತ್ತದೆ. ತನ್ನದಲ್ಲದ ಚಪ್ಪಲಿ.

"ಕಾಪಿ_ಟು_ಯೂಸರ್ ಸೋಲೋದು ತೀರಾ ಅಪರೂಪ" ಅಂತ ಅಂದುಕೊಳ್ಳಬೇಡಿ. ಬೇಕು ಅಂತಲೇ ಸೋಲಿಸಬಹುದು. ಎಂಮ್ಯಾಪ್‌ನಲ್ಲಿ ಒಂದು ಪೇಜ್ ತಗೊಂಡು, ಸ್ಟ್ರಕ್ಟ್ ತುಂಬಿ, ಎಂಪ್ರೊಟೆಕ್ಟ್ ಕರೆದು ಅದನ್ನು ಓದಲು ಮಾತ್ರ ಅಂತ ಮಾಡಿ, ಆ ವಿಳಾಸವನ್ನು ಐಆಕ್ಟಲ್‌ಗೆ ಕೊಟ್ಟರಾಯಿತು. ಓದುವಾಗ ಕಾಪಿ_ಫ್ರಮ್_ಯೂಸರ್ ಸಲೀಸಾಗಿ ಆಗುತ್ತದೆ, ಬರೆಯುವಾಗ ಇಫಾಲ್ಟ್. ಹತ್ತು ಸಾಲಿನ ಕೋಡ್.

ಕ್ಲೋಸ್_ಎಫ್‌ಡಿ ಯೋಚನೆಯನ್ನೂ ಬಿಟ್ಟುಬಿಡಿ. ಇನ್‌ಸ್ಟಾಲ್ ಆದ ಮೇಲೆ ನೀವು ಕ್ಲೋಸ್ ಮಾಡುವಷ್ಟರಲ್ಲಿ ಇನ್ನೊಂದು ಥ್ರೆಡ್ 7ನ್ನು ಕ್ಲೋಸ್ ಮಾಡಿ, ಅದೇ ನಂಬರಿಗೆ ಬೇರೆ ಫೈಲ್ ತೆರೆದಿರಬಹುದು. ನೀವು ಮುಚ್ಚುವುದು ಅದನ್ನು.

ಸರಿಯಾದ ಕ್ರಮ ಹೀಗೆ. ಗೆಟ್_ಅನ್‌ಯೂಸ್ಡ್_ಎಫ್‌ಡಿ_ಫ್ಲ್ಯಾಗ್ಸ್‌ನಿಂದ ನಂಬರ್ ಹಿಡಿಯಿರಿ. ಅನಾನ್_ಐನೋಡ್_ಗೆಟ್‌ಫೈಲ್‌ನಿಂದ ಫೈಲ್ ಮಾಡಿ, ಕೊನೆಯಲ್ಲಿ ಎಫ್‌ಡಿ ಅಲ್ಲ ಫೈಲ್, ಗಮನಿಸಿ, ಇದು ಇನ್‌ಸ್ಟಾಲ್ ಮಾಡಲ್ಲ. ನಂಬರನ್ನು ಸ್ಟ್ರಕ್ಟ್‌ಗೆ ತುಂಬಿ ಕಾಪಿ_ಟು_ಯೂಸರ್ ಮಾಡಿ. ಸೋತರೆ ಎಫ್‌ಪುಟ್, ಪುಟ್_ಅನ್‌ಯೂಸ್ಡ್_ಎಫ್‌ಡಿ, ಎರಡೂ ಈಗ ನ್ಯಾಯವೇ, ಗೂಡು ಖಾಲಿ ಇದೆಯಲ್ಲ. ಎಲ್ಲ ಗೆದ್ದ ಮೇಲೆ ಕಟ್ಟಕಡೆಗೆ ಎಫ್‌ಡಿ_ಇನ್‌ಸ್ಟಾಲ್, ಅದರ ಮುಂದಿನ ಸಾಲೇ ರಿಟರ್ನ್ 0. ಎಫ್‌ಡಿ_ಇನ್‌ಸ್ಟಾಲ್ ಎಂದೂ ಸೋಲಲ್ಲ, ಅದು ಏನನ್ನೂ ರಿಟರ್ನ್ ಮಾಡಲ್ಲ. ಸೋಲಬಹುದಾದದ್ದೆಲ್ಲ ಅದರ ಹಿಂದೆ ಇರಬೇಕು.

ಮಾದರಿ ಬೇಕಿದ್ದರೆ ಜಿಪಿಐಒ (ಚಿಪ್‌ನ ಸಾಮಾನ್ಯ ಬಳಕೆಯ ಪಿನ್‌ಗಳು) ಕ್ಯಾರೆಕ್ಟರ್ ಡಿವೈಸ್‌ನ ಕೋಡ್ ಓದಿ, ಡ್ರೈವರ್ಸ್/ಜಿಪಿಐಒ ಕೆಳಗಿದೆ. ನಿಮ್ಮ ವಿನ್ಯಾಸದ ಹಾಗೇ: ಚಿಪ್‌ಗೆ ಒಂದು ನೋಡ್, ಲೈನ್ ಕೇಳಿದರೆ ಬೇರೆ ಎಫ್‌ಡಿ.

ಚಾನಲ್_ಎಂಟು

ತುಂಬಾ ಧನ್ಯವಾದ ಸರ್, ಈಗ ಅರ್ಥ ಆಯಿತು. ನೀವು ಹೇಳಿದ ಕ್ರಮಕ್ಕೆ ಬದಲಿಸಿ, ಎಂಪ್ರೊಟೆಕ್ಟ್ ಪರೀಕ್ಷೆಯನ್ನೂ ಬರೆದೆ. ಆದರೆ ಕೇಸಾನ್ (ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸೌಲಭ್ಯ) ಹಾಕಿದ ಕರ್ನಲ್‌ನಲ್ಲಿ ಓಡಿಸಿದರೆ ಈಗ ಬೇರೆ ದೂರು ಬರುತ್ತಿದೆ, ಒಂದೇ ಜಾಗವನ್ನು ಎರಡು ಸಲ ಬಿಡುಗಡೆ ಮಾಡಿದ್ದೀರಿ ಅಂತ. ಎರರ್ ದಾರಿಯಲ್ಲಿ ನಾನು ಮಾಡಿದ್ದು ಎಫ್‌ಪುಟ್, ಪುಟ್_ಅನ್‌ಯೂಸ್ಡ್_ಎಫ್‌ಡಿ, ಆಮೇಲೆ ಮೊದಲಿನಿಂದ ಇದ್ದ ಹಾಗೆ ಚಾನಲ್ ಬಿಡೋದು, ಅದರ ಮೆಮೊರಿ ಬಿಡುವ ಕೆಫ್ರೀ. ಇದರಲ್ಲಿ ಏನು ತಪ್ಪು?

ಹಳೆ_ಪ್ಯಾಚ್

ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಅನಾನ್_ಐನೋಡ್_ಗೆಟ್‌ಫೈಲ್ ಗೆದ್ದ ಕ್ಷಣದಿಂದ ನಿಮ್ಮ ಚಾನಲ್‌ನ ಜವಾಬ್ದಾರಿ ಫೈಲ್‌ಗೆ ಹೋಯಿತು. ಎಫ್‌ಪುಟ್ ಮಾಡಿದರೆ ಕೊನೇ ರೆಫರೆನ್ಸ್ ಹೋಗಿ ನಿಮ್ಮದೇ ರಿಲೀಸ್ ಫಂಕ್ಷನ್ ಓಡುತ್ತದೆ, ಅದು ಚಾನಲ್ ಬಿಟ್ಟು ಕೆಫ್ರೀ ಮಾಡುತ್ತದೆ. ಅದರ ಮೇಲೆ ನೀವೂ ಮಾಡಿದಿರಿ.

ಹಾಗಾಗಿ ಎರರ್ ದಾರಿ ಎರಡು ಇರಬೇಕು. ಫೈಲ್ ಹುಟ್ಟುವ ಮೊದಲು ಸೋತರೆ ನೀವೇ ಒಂದೊಂದಾಗಿ ಬಿಚ್ಚಿ. ಹುಟ್ಟಿದ ಮೇಲೆ ಸೋತರೆ ಎಫ್‌ಪುಟ್ ಮತ್ತು ಪುಟ್_ಅನ್‌ಯೂಸ್ಡ್_ಎಫ್‌ಡಿ ಮಾಡಿ ಸೀದಾ ಹೊರಗೆ ಬನ್ನಿ, ಹಳೇ ಗೋಟು ಸಾಲಿಗೆ ಇಳಿಯಬೇಡಿ. ಜಿಪಿಐಒ ಕೋಡ್‌ನಲ್ಲಿ ಇದೇ ಜಾಗದಲ್ಲಿ ಕಾಮೆಂಟ್ ಬರೆದಿದ್ದಾರೆ, ಎಫ್‌ಪುಟ್‌ನಿಂದ ರಿಲೀಸ್ ಓಡುತ್ತದೆ, ಮಾಮೂಲಿ ಕ್ಲೀನಪ್ ದಾರಿಗೆ ಹೋಗಬೇಡಿ ಅಂತ. ಬರೆದವರೂ ಯಾವತ್ತೋ ಇಲ್ಲೇ ಎಡವಿರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು. ಎಫ್‌ಪುಟ್ ಕರೆದ ಸಾಲಿನಲ್ಲೇ ರಿಲೀಸ್ ಓಡಿಬಿಡಲ್ಲ. ಸಾಮಾನ್ಯವಾಗಿ ಪ್ರೋಸೆಸ್ ಯೂಸರ್ ಕಡೆಗೆ ವಾಪಸ್ ಹೋಗುವ ಮುಂಚೆ ಓಡುತ್ತದೆ. ಎಫ್‌ಪುಟ್ ಆದ ಮುಂದಿನ ಸಾಲಿನಲ್ಲಿ ಚಾನಲ್ ಖಾಲಿ ಆಗಿದೆ ಅಂತ ನಂಬಿ ಏನನ್ನೂ ಬರೆಯಬೇಡಿ.

ಕಾಫಿತೋಟ

ರಿಟರ್ನ್ ವ್ಯಾಲ್ಯೂನಾ ಸ್ಟ್ರಕ್ಟ್‌ನಾ ಅನ್ನುವ ಪ್ರಶ್ನೆಗೆ ನನ್ನ ಮಾತು. ಬೇರೆ ಏನೂ ಹೇಳೋದಿಲ್ಲದಿದ್ದರೆ ರಿಟರ್ನ್ ವ್ಯಾಲ್ಯೂನೇ ಒಳ್ಳೆಯದು. ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯ) ನೋಡಿ, 2007ರಲ್ಲಿ 2.6.20ರ ಜೊತೆ ಬಂದದ್ದು. /ಡೆವ್/ಕೆವಿಎಂ ತೆರೆದರೆ ಒಂದು ಎಫ್‌ಡಿ, ಅದರ ಮೇಲೆ ಕ್ರಿಯೇಟ್_ವಿಎಂ ಐಆಕ್ಟಲ್ ಮಾಡಿದರೆ ಯಂತ್ರಕ್ಕೆ ಎಫ್‌ಡಿ, ಅದರ ಮೇಲೆ ಕ್ರಿಯೇಟ್_ವಿಸಿಪಿಯು ಮಾಡಿದರೆ ಸಿಪಿಯುಗೆ ಎಫ್‌ಡಿ. ಇವೆಲ್ಲ ಐಆಕ್ಟಲ್‌ನ ರಿಟರ್ನ್ ವ್ಯಾಲ್ಯೂ. ಎಫ್‌ಡಿ ಯಾವಾಗಲೂ 0 ಅಥವಾ ಅದಕ್ಕಿಂತ ಜಾಸ್ತಿ, ಎರರ್ ಯಾವಾಗಲೂ ಮೈನಸ್, ಗೊಂದಲವೇ ಇಲ್ಲ. ಕಾಪಿ_ಟು_ಯೂಸರ್ ಅನ್ನುವ ಹೆಜ್ಜೆಯೇ ಇಲ್ಲ ಅಂದಮೇಲೆ ಅದು ಸೋಲುವ ಮಾತೂ ಇಲ್ಲ. ಹೀಗಿದ್ದಾಗ ಅನಾನ್_ಐನೋಡ್_ಗೆಟ್‌ಎಫ್‌ಡಿಯನ್ನೂ ಧೈರ್ಯವಾಗಿ ಕೊನೇ ಸಾಲಿನಲ್ಲಿ ಬಳಸಬಹುದು.

ಆದರೆ ಎಫ್‌ಡಿ ಜೊತೆ ಬೇರೆ ವಿವರ ಕೊಡಬೇಕಾದರೆ ಸ್ಟ್ರಕ್ಟ್ ಬೇಕಾಗುತ್ತದೆ. ನಿಮ್ಮಲ್ಲಿ ಬಫರ್ ಇದೆ, ಕೇಳಿದ ಅಳತೆ ಒಂದು, ಪೇಜ್‌ಗೆ ಸರಿಹೊಂದಿಸಿ ನಿಜವಾಗಿ ಸಿಕ್ಕಿದ್ದು ಇನ್ನೊಂದು ಆಗಬಹುದು. ಕೆವಿಎಂನಲ್ಲಿ ಎಂಮ್ಯಾಪ್ ಎಷ್ಟು ಮಾಡಬೇಕು ಅಂತ ಕೇಳೋಕೆ ಬೇರೆಯದೇ ಐಆಕ್ಟಲ್ ಇದೆ. ನನ್ನ ಅಭಿಪ್ರಾಯದಲ್ಲಿ ಅದೇ ಚೆಂದ: ಎಫ್‌ಡಿ ಕೊಡುವ ಕರೆ ಎಫ್‌ಡಿ ಮಾತ್ರ ಕೊಡಲಿ, ವಿವರ ಬೇಕಿದ್ದವರು ಆ ಎಫ್‌ಡಿಯನ್ನೇ ಕೇಳಲಿ.

ಅದಕ್ಕಿಂತ ಮುಖ್ಯ ಒಂದು ಮಾತು. ಹಳೆ_ಪ್ಯಾಚ್ ಅವರು ಕಾಪಿ_ಟು_ಯೂಸರ್ ಬಗ್ಗೆ ಹೇಳಿದರು, ಇನ್‌ಸ್ಟಾಲ್ ಆದ ಮೇಲೆ ಬೇರೆ ಯಾವ ಕೆಲಸ ಮಾಡಿದರೂ ಅಷ್ಟೇ ಅಪಾಯ. ಕೆವಿಎಂನಲ್ಲೇ ಆಗಿದೆ, ಸಿವಿಇ-2019-6974. ಕ್ರಿಯೇಟ್_ಡಿವೈಸ್ ಐಆಕ್ಟಲ್‌ನಲ್ಲಿ ಮೊದಲು ಎಫ್‌ಡಿ ಕೊಟ್ಟು, ಆಮೇಲೆ ಯಂತ್ರದ ರೆಫರೆನ್ಸ್ ಒಂದು ಏರಿಸುತ್ತಿದ್ದರು. ನಡುವೆ ಒಂದೇ ಸಾಲಿನ ಅಂತರ. ಆ ಅಂತರದಲ್ಲಿ ಇನ್ನೊಂದು ಥ್ರೆಡ್ ಎಫ್‌ಡಿ ಊಹಿಸಿ ಕ್ಲೋಸ್ ಮಾಡಿದರೆ, ರಿಲೀಸ್ ಓಡಿ, ಇನ್ನೂ ಏರಿಸದ ರೆಫರೆನ್ಸನ್ನು ಇಳಿಸಿಬಿಡುತ್ತದೆ. ಗೂಗಲ್‌ನ ಯಾನ್ ಹಾರ್ನ್ ಇದನ್ನು ಕಂಡುಹಿಡಿದರು. ಪರಿಹಾರ ಏನು ಗೊತ್ತಾ? ರೆಫರೆನ್ಸ್ ಏರಿಸುವ ಸಾಲನ್ನು ಎಫ್‌ಡಿ ಕೊಡುವ ಸಾಲಿನ ಮೇಲಕ್ಕೆ ಸರಿಸಿದರು, ಎಫ್‌ಡಿ ಸಿಗದಿದ್ದರೆ ಇಳಿಸಿದರು. ಅಷ್ಟೇ.

ನಿಮ್ಮ ಚಾನಲ್ ಕೂಡ ಕಾರ್ಡ್‌ನ ಸ್ಟ್ರಕ್ಟ್ ಮೇಲೆ ನಿಂತಿದೆ ಅಲ್ವಾ? ಯೂಸರ್ ಮೊದಲು ತೆರೆದ ನೋಡ್ ಕ್ಲೋಸ್ ಮಾಡಿ ಚಾನಲ್ ಎಫ್‌ಡಿ ಮಾತ್ರ ಇಟ್ಟುಕೊಂಡರೆ ಕಾರ್ಡ್‌ನ ಸ್ಟ್ರಕ್ಟ್ ಬದುಕಿರಬೇಕು. ಮಗು ತಾಯಿಯ ಸೆರಗು ಹಿಡಿದುಕೊಂಡೇ ಹುಟ್ಟಬೇಕು, ಹುಟ್ಟಿದ ಮೇಲೆ ಹುಡುಕುವುದಲ್ಲ.

ಹಳೆ_ಪ್ಯಾಚ್

ಒಪ್ಪಿದೆ, ಒಂದು ಸೇರಿಸುತ್ತೇನೆ. ಹೊರಗೆ ಹೋಗಿಬಿಟ್ಟ ಇಂಟರ್ಫೇಸ್‌ಗಳಲ್ಲಿ ಇನ್‌ಸ್ಟಾಲ್ ಆದ ಮೇಲೆ ಕಾಪಿ ಮಾಡುವ ಕೋಡ್ ಇದ್ದರೆ, ಸೋತಾಗ ಏನೂ ಮಾಡದೆ ಇಫಾಲ್ಟ್ ಕೊಟ್ಟು ಸುಮ್ಮನಿರುವುದೇ ಕ್ಷೇಮ. ಎಫ್‌ಡಿ ಯೂಸರ್ ಟೇಬಲ್‌ನಲ್ಲಿ ಉಳಿಯುತ್ತದೆ, ಪ್ರೋಸೆಸ್ ಸತ್ತಾಗ ತಾನೇ ಹೋಗುತ್ತದೆ. ಐಐಒ (ಸೆನ್ಸರ್‌ಗಳ) ಸಬ್‌ಸಿಸ್ಟಮ್‌ನ ಬಫರ್ ಎಫ್‌ಡಿ ಐಆಕ್ಟಲ್‌ನಲ್ಲಿ ನಿಮ್ಮದೇ ತಪ್ಪು ಇತ್ತು, ಅನಾನ್_ಐನೋಡ್_ಗೆಟ್‌ಎಫ್‌ಡಿ ಆದ ಮೇಲೆ ಪುಟ್_ಅನ್‌ಯೂಸ್ಡ್_ಎಫ್‌ಡಿ. ಮಥಿಯಾಸ್ ಕ್ರೌಸ್ ಅವರು ಸರಿಮಾಡಿದಾಗ ಆ ಸಾಲನ್ನು ತೆಗೆದು, ಎಫ್‌ಡಿ ಸೋರಿದರೆ ಸೋರಲಿ, ಯಾಕೆ ಮುಟ್ಟಬಾರದು ಅಂತ ಉದ್ದದ ಕಾಮೆಂಟ್ ಬರೆದರು. ವಿಎಂಡಬ್ಲ್ಯುಜಿಎಫ್ಎಕ್ಸ್ ಪ್ಯಾಚ್ ಕೂಡ ಅವರದೇ. ಆ ಕಾಮೆಂಟ್ ಓದಿ, ಈ ಇಡೀ ಚರ್ಚೆ ಅದರಲ್ಲಿದೆ.

ರಾತ್ರಿಪಾಳಿ

ನಾನು ಎಫ್‌ಡಿ ಎಷ್ಟು ದಿನ ಬದುಕುತ್ತದೆ ಅನ್ನುವುದರ ಬಗ್ಗೆ ಬರೆಯುತ್ತೇನೆ, ಇದರಲ್ಲಿ ನಾನು ಎರಡು ರಾತ್ರಿ ಕಳೆದಿದ್ದೇನೆ.

ನಾವೂ ಇಂಥದ್ದೇ ಒಂದು ಕಾರ್ಡ್‌ಗೆ ಡ್ರೈವರ್ ಮಾಡಿದ್ದೆವು. ಪರೀಕ್ಷೆ ಮಾಡುವ ಜಾಗದಲ್ಲಿ ಮುಖ್ಯ ಪ್ರೋಗ್ರಾಂ ಬಿದ್ದುಹೋದರೆ ಮತ್ತೆ ಶುರು ಮಾಡುವ ವ್ಯವಸ್ಥೆ ಇತ್ತು. ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು, ಆದರೆ ಚಾನಲ್ ಕೇಳಿದರೆ ಇಬ್ಯುಸಿ. ಪ್ರೋಸೆಸ್ ಸತ್ತಿದೆ, ಚಾನಲ್ ಬಿಟ್ಟಿಲ್ಲ. ರಿಲೀಸ್ ಫಂಕ್ಷನ್‌ಗೆ ಪ್ರಿಂಟ್ ಹಾಕಿ ನೋಡಿದರೆ ಅದು ಓಡೇ ಇಲ್ಲ. ಎರಡನೇ ರಾತ್ರಿ ಸುಮಾರು ಮೂರು ಗಂಟೆಗೆ, ಬೇರೆ ದಾರಿ ಕಾಣದೆ, ಓಡುತ್ತಿರುವ ಪ್ರತಿ ಪ್ರೋಸೆಸ್‌ನ /ಪ್ರಾಕ್/ಪಿಡ್/ಎಫ್‌ಡಿ ಡೈರೆಕ್ಟರಿಯನ್ನು ಎಲ್‌ಎಸ್ ಮಾಡಿ ನಮ್ಮ ಹೆಸರು ಹುಡುಕಿದೆ. ಲಾಗ್ ಬರೆಯುವ ಒಂದು ಶೆಲ್ ಸ್ಕ್ರಿಪ್ಟ್‌ನಲ್ಲಿ ಸಿಕ್ಕಿತು. ಮುಖ್ಯ ಪ್ರೋಗ್ರಾಂ ಅದನ್ನು ಸಿಸ್ಟಮ್() ಅನ್ನುವ ಲೈಬ್ರರಿ ಫಂಕ್ಷನ್‌ನಿಂದ ಶುರು ಮಾಡಿತ್ತು, ಫೋರ್ಕ್ ಆದಾಗ ಚಾನಲ್‌ನ ಎಫ್‌ಡಿಯೂ ಜೊತೆಗೆ ಹೋಗಿ ಸ್ಕ್ರಿಪ್ಟ್‌ನ ಹತ್ತಿರ ಉಳಿದಿತ್ತು. ಸ್ಕ್ರಿಪ್ಟ್‌ಗೆ ಅದು ಏನು ಅಂತಲೇ ಗೊತ್ತಿಲ್ಲ. ನಮ್ಮ ಡ್ರೈವರ್ ಕ್ಲೋಎಕ್ಸೆಕ್ (ಎಕ್ಸೆಕ್ ಆದಾಗ ತಾನೇ ಕ್ಲೋಸ್ ಆಗು ಅನ್ನುವ ಫ್ಲ್ಯಾಗ್) ಇಲ್ಲದೆ ಎಫ್‌ಡಿ ಕೊಡುತ್ತಿತ್ತು.

ಆದ್ದರಿಂದ ಓ_ಕ್ಲೋಎಕ್ಸೆಕ್ ಅನ್ನು ಯೂಸರ್ ಆಯ್ಕೆಗೆ ಬಿಡದೆ ಡ್ರೈವರ್‌ನಲ್ಲೇ ಹಾಕಿಬಿಡಿ. ಬೇಕಾದವರು ಆಮೇಲೆ ಎಫ್‌ಸಿಎನ್‌ಟಿಎಲ್‌ನಿಂದ ತೆಗೆದುಕೊಳ್ಳಲಿ. ಉಲ್ಟಾ ಮಾಡಿದರೆ ಸರಿಹೋಗಲ್ಲ: ಎಫ್‌ಡಿ ಸಿಕ್ಕಿದ್ದಕ್ಕೂ ಫ್ಲ್ಯಾಗ್ ಹಾಕಿದ್ದಕ್ಕೂ ನಡುವೆ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿ ಎಕ್ಸೆಕ್ ಮಾಡಿಬಿಟ್ಟರೆ ಎಫ್‌ಡಿ ಹೋಯಿತು. ಈ ಒಂದು ತೂತು ಮುಚ್ಚೋಕೆ 2.6.23ರಲ್ಲಿ ಓಪನ್‌ಗೆ ಈ ಫ್ಲ್ಯಾಗ್ ತಂದರು, 2.6.27ರಲ್ಲಿ ಪೈಪ್2, ಡಪ್3, ಇಪೋಲ್_ಕ್ರಿಯೇಟ್1 ಅಂತ ಸಿಸ್ಟಮ್ ಕಾಲ್‌ಗಳನ್ನೇ ಹೊಸದಾಗಿ ಬರೆದರು. ಪಿಡ್‌ಎಫ್‌ಡಿ (ಪ್ರೋಸೆಸ್ ಅನ್ನು ಸೂಚಿಸುವ ಎಫ್‌ಡಿ) ಬರುವ ಹೊತ್ತಿಗೆ ಕೇಳುವ ಮಾತೇ ಇಲ್ಲ, ಹುಟ್ಟುತ್ತಲೇ ಕ್ಲೋಎಕ್ಸೆಕ್.

ಅನಾನ್_ಐನೋಡ್‌ಗೆ ಕೊಡುವ ಹೆಸರನ್ನೂ ಯೋಚಿಸಿ ಕೊಡಿ. ನನಗೆ ಆ ರಾತ್ರಿ ಉಳಿಸಿದ್ದು ಅದೇ ಹೆಸರು. ಕೆವಿಎಂನವರು ಸಿಪಿಯು ನಂಬರನ್ನೂ ಸೇರಿಸಿ ಹೆಸರಿಡುತ್ತಾರೆ, ನೀವು ಚಾನಲ್ ನಂಬರ್ ಸೇರಿಸಿ. ಶೋ_ಎಫ್‌ಡಿಇನ್ಫೋ ಬರೆದರೆ /ಪ್ರಾಕ್/ಪಿಡ್/ಎಫ್‌ಡಿಇನ್ಫೋದಲ್ಲಿ ಬಫರ್ ಎಷ್ಟು ತುಂಬಿದೆ ಅಂತಲೂ ತೋರಿಸಬಹುದು. ಹತ್ತು ಸಾಲು, ಮುಂದೆ ಯಾರಿಗೋ ನಿದ್ದೆ ಉಳಿಯುತ್ತದೆ.

ಯೂಸರ್ ಕ್ಲೋಸ್ ಕರೆದ ತಕ್ಷಣ ರಿಲೀಸ್ ಓಡುತ್ತದೆ ಅಂತ ಎಲ್ಲೂ ನಂಬಬೇಡಿ. ಪ್ರತಿ ಕ್ಲೋಸ್‌ಗೆ ಓಡುವುದು ಫ್ಲಷ್, ರಿಲೀಸ್ ಓಡುವುದು ಕೊನೇ ರೆಫರೆನ್ಸ್ ಹೋದಾಗ ಒಂದೇ ಸಲ. ಎಂಮ್ಯಾಪ್ ಮಾಡಿದ್ದರೆ ಆ ಮ್ಯಾಪಿಂಗ್ ಕೂಡ ಫೈಲನ್ನು ಹಿಡಿದಿರುತ್ತದೆ, ಎಫ್‌ಡಿ ಕ್ಲೋಸ್ ಮಾಡಿ ಮನ್‌ಮ್ಯಾಪ್ ಮರೆತರೆ ಚಾನಲ್ ಬಿಡಲ್ಲ. ಒಂದು ಥ್ರೆಡ್ ರೀಡ್‌ನಲ್ಲಿ ಕಾಯುತ್ತಾ ಕೂತಿರುವಾಗ ಇನ್ನೊಂದು ಥ್ರೆಡ್ ಕ್ಲೋಸ್ ಮಾಡಿದರೂ ಅಷ್ಟೇ, ಕಾಯುತ್ತಿರುವವನು ಏಳಲ್ಲ. ಇದನ್ನೆಲ್ಲ ಡಾಕ್ಯುಮೆಂಟ್‌ನಲ್ಲಿ ಬರೆಯಿರಿ. "ನಿಲ್ಲಿಸು" ಅಂತ ಬೇರೆ ಐಆಕ್ಟಲ್ ಕೊಟ್ಟರೆ ಇನ್ನೂ ಒಳ್ಳೆಯದು.

ತುಂಗಾತೀರ

ಕಾರ್ಡ್ ಕಿತ್ತರೆ ಏನು ಅಂತ ಯಾರೂ ಕೇಳಲಿಲ್ಲ. ಪಿಸಿಐಇ ಕಾರ್ಡ್ ಯಾರು ಕೀಳುತ್ತಾರೆ ಅನ್ನಬೇಡಿ, ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಫೈಲ್‌ಗೆ ಒಂದು ಸಾಲು ಬರೆದರೆ ರೂಟ್ ಯಾವಾಗ ಬೇಕಾದರೂ ಡ್ರೈವರನ್ನು ಕಾರ್ಡ್‌ನಿಂದ ಬಿಡಿಸಬಹುದು. ಫೈಲ್ ಆಪರೇಷನ್ಸ್‌ನಲ್ಲಿ (ಯಾವ ಕರೆಗೆ ಯಾವ ಫಂಕ್ಷನ್ ಅನ್ನುವ ಪಟ್ಟಿ) ಓನರ್ ಜಾಗಕ್ಕೆ ದಿಸ್_ಮಾಡ್ಯೂಲ್ ಹಾಕಿದರೆ ಎಫ್‌ಡಿ ತೆರೆದಿರುವಾಗ ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯುವುದು) ಆಗಲ್ಲ, ಅದು ಬೇಕೇ ಬೇಕು. ಆದರೆ ಅದು ಕಾಯುವುದು ಕೋಡನ್ನು ಮಾತ್ರ, ಕಾರ್ಡನ್ನಲ್ಲ. ಡ್ರೈವರ್‌ನ ರಿಮೂವ್ ಫಂಕ್ಷನ್ ಓಡಿಯೇ ಓಡುತ್ತದೆ, ಎಫ್‌ಡಿಗಳು ಯೂಸರ್ ಕೈಯಲ್ಲಿ ಹಾಗೇ ಇರುತ್ತವೆ.

ಹಾಗಾಗಿ ಕಾರ್ಡ್‌ನ ಸ್ಟ್ರಕ್ಟ್‌ಗೆ ಕೆರೆಫ್ (ರೆಫರೆನ್ಸ್ ಎಣಿಕೆ) ಇಡಿ, ಡೆವ್ಎಂ_ಕೆಝಲ್ಲಾಕ್‌ನಿಂದ ತಗೋಬೇಡಿ. ಡೆವ್ಎಂನಿಂದ ತಗೊಂಡ ಮೆಮೊರಿ ರಿಮೂವ್ ಆದ ಹಿಂದೆಯೇ ಹೋಗಿಬಿಡುತ್ತದೆ, ಚಾನಲ್ ಎಫ್‌ಡಿ ಇನ್ನೂ ಅದನ್ನೇ ನೋಡುತ್ತಿರುತ್ತದೆ. ರಿಮೂವ್‌ನಲ್ಲಿ ಲಾಕ್ ಹಿಡಿದು "ಕಾರ್ಡ್ ಹೋಯಿತು" ಅಂತ ಗುರುತು ಹಾಕಿ, ಕಾಯುತ್ತಿರುವವರನ್ನೆಲ್ಲ ಎಬ್ಬಿಸಿ. ಆಮೇಲೆ ಬರುವ ರೀಡ್, ಐಆಕ್ಟಲ್‌ಗೆಲ್ಲ ಇನೋಡೆವ್ (ಸಾಧನ ಇಲ್ಲ ಅನ್ನುವ ಎರರ್), ಪೋಲ್‌ಗೆ ಹ್ಯಾಂಗಪ್ ಮತ್ತು ಎರರ್. ರಿಜಿಸ್ಟರ್‌ಗಳ ಜಾಗವನ್ನು ಎಂಮ್ಯಾಪ್‌ಗೆ ಕೊಟ್ಟಿದ್ದರೆ ಅದನ್ನೂ ಕಿತ್ತುಹಾಕಬೇಕು.

ಆಮೇಲೆ, ಎಫ್‌ಡಿ ಕೊಡೋದಷ್ಟೇ ಅಲ್ಲ, ವಾಪಸ್ ತಗೊಳ್ಳೋದೂ ಇದೆಯಾ? ಎರಡು ಚಾನಲ್ ಒಟ್ಟಿಗೆ ಟ್ರಿಗರ್ ಮಾಡುವಂಥದ್ದು?

ಚಾನಲ್_ಎಂಟು

ಹೌದು, ಇದೆ. ಒಂದು ಚಾನಲ್ ಎಫ್‌ಡಿ ಮೇಲೆ ಐಆಕ್ಟಲ್ ಮಾಡಿ, ಇನ್ನೊಂದು ಚಾನಲ್‌ನ ಎಫ್‌ಡಿ ಕೊಟ್ಟು, ಎರಡನ್ನೂ ಜೋಡಿಸುವ ಯೋಚನೆ. ಎಫ್‌ಡಿ ನಂಬರನ್ನು ಚಾನಲ್‌ನಲ್ಲಿ ಬರೆದಿಟ್ಟುಕೊಂಡು ಇಂಟರಪ್ಟ್ ಬಂದಾಗ ಹುಡುಕೋಣ ಅಂತಿದ್ದೆ.

ತುಂಗಾತೀರ

ಬೇಡ ಬೇಡ. ನಂಬರ್‌ಗೆ ಅರ್ಥ ಇರುವುದು ಅದನ್ನು ಕೊಟ್ಟ ಪ್ರೋಸೆಸ್ ಒಳಗೆ ಮಾತ್ರ. ಇಂಟರಪ್ಟ್ ಬಂದಾಗ ಯಾರ ಪ್ರೋಸೆಸ್ ಓಡುತ್ತಿರುತ್ತದೋ ಯಾರಿಗೆ ಗೊತ್ತು, ಅವರ 7 ಬೇರೆ, ನಿಮ್ಮ 7 ಬೇರೆ. ಐಆಕ್ಟಲ್ ಒಳಗೇ ಎಫ್‌ಗೆಟ್ ಮಾಡಿ ಫೈಲ್ ಹಿಡಿಯಿರಿ. ಮೊದಲ ಕೆಲಸ, ಆ ಫೈಲ್‌ನ ಎಫ್_ಆಪ್ ನಿಮ್ಮ ಚಾನಲ್‌ನ ಫೈಲ್ ಆಪರೇಷನ್ಸೇ ಹೌದಾ ಅಂತ ನೋಡಿ. ಅಲ್ಲ ಅಂದರೆ ಎಫ್‌ಪುಟ್ ಮಾಡಿ ಇ-ಇನ್ವಾಲ್ (ಕೊಟ್ಟದ್ದು ಸರಿಯಿಲ್ಲ ಅನ್ನುವ ಎರರ್). ಈ ಒಂದು ಹೋಲಿಕೆ ಮರೆತರೆ ಯೂಸರ್ ಒಂದು ಸಾಕೆಟ್ ಅಥವಾ ಪೈಪ್‌ನ ಎಫ್‌ಡಿ ಕೊಟ್ಟು, ಅದರ ಪ್ರೈವೇಟ್_ಡೇಟಾವನ್ನು ನೀವು ಚಾನಲ್ ಅಂತ ನಂಬಿ ಬರೆಯುವ ಹಾಗೆ ಮಾಡುತ್ತಾನೆ. ಇವೆಂಟ್‌ಎಫ್‌ಡಿಗೆ ಕರ್ನಲ್‌ನಲ್ಲೇ ಇವೆಂಟ್‌ಎಫ್‌ಡಿ_ಸಿಟಿಎಕ್ಸ್_ಎಫ್‌ಡಿಗೆಟ್ ಇದೆ, ಅದು ಈ ಪರೀಕ್ಷೆ ತಾನೇ ಮಾಡುತ್ತದೆ.

ಆಮೇಲೆ ಚಾನಲ್‌ನೊಳಗಿನ ಕೆರೆಫ್ ಏರಿಸಿ, ಫೈಲನ್ನು ಬಿಟ್ಟುಬಿಡಿ. ಫೈಲನ್ನೇ ಹಿಡಿದುಕೊಂಡರೆ, 1ನೇ ಚಾನಲ್ 2ನೇದನ್ನು ಹಿಡಿದು 2ನೇದು 1ನೇದನ್ನು ಹಿಡಿದರೆ, ಎರಡರ ರಿಲೀಸೂ ಎಂದೂ ಓಡಲ್ಲ. ಪ್ರೋಸೆಸ್ ಸತ್ತರೂ ಓಡಲ್ಲ. ಕೆರೆಫ್ ಆದರೆ ರಿಲೀಸ್ ಓಡುತ್ತದೆ, ಅಲ್ಲಿ ಜೋಡಣೆ ಬಿಡಿಸಬಹುದು.

ಕಾಫಿತೋಟ

ಇನ್ನೊಂದು ಯೋಚನೆ, ಇವರಿಗಿಂತ ಮುಂದೆ ಓದುವವರಿಗೆ. ಎಲ್ಲದಕ್ಕೂ ಎಫ್‌ಡಿ ಬೇಕಿಲ್ಲ. 8 ಚಾನಲ್‌ಗೆ ಎಫ್‌ಡಿ ಸರಿ. ಆದರೆ ಸಾವಿರಾರು ಬಫರ್‌ಗೆ ಒಂದೊಂದು ಕೊಡಲು ಹೋದರೆ ಪ್ರೋಸೆಸ್‌ನ ಮಿತಿಗೆ ತಾಗುತ್ತದೆ, ಸಾಮಾನ್ಯವಾಗಿ ಸಾಫ್ಟ್ ಮಿತಿ 1024, ಆಮೇಲೆ ಇಎಂಫೈಲ್ ಎರರ್. ಗ್ರಾಫಿಕ್ಸ್ ಡ್ರೈವರ್‌ಗಳು ಅದಕ್ಕೇ ಒಳಗೊಳಗೆ ಜೆಮ್ ಹ್ಯಾಂಡಲ್ ಅಂತ ಬರೀ ನಂಬರ್ ಇಟ್ಟುಕೊಂಡಿವೆ. ಬೇರೆ ಪ್ರೋಸೆಸ್‌ಗೋ ಬೇರೆ ಡ್ರೈವರ್‌ಗೋ ಹಂಚಬೇಕಾದಾಗ ಮಾತ್ರ ಅದನ್ನು ಎಫ್‌ಡಿಯಾಗಿ ಬದಲಿಸುತ್ತವೆ. ತನ್ನದೇ ಆಯುಷ್ಯ ಇರುವ, ಪೋಲ್ ಮಾಡಬೇಕಾದ ಅಥವಾ ಇನ್ನೊಬ್ಬರಿಗೆ ದಾಟಿಸಬೇಕಾದ ವಸ್ತುವಿಗೆ ಎಫ್‌ಡಿ. ಉಳಿದದ್ದಕ್ಕೆ ನಂಬರ್ ಸಾಕು.

ಚಾನಲ್_ಎಂಟು

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದಿನ ಕೂತು ತಿದ್ದಿದೆ. ಕಾಫಿತೋಟ ಅವರ ಮಾತಿನಂತೆ ಎಫ್‌ಡಿ ಈಗ ರಿಟರ್ನ್ ವ್ಯಾಲ್ಯೂ, ಬಫರ್‌ನ ನಿಜವಾದ ಅಳತೆಗೆ ಚಾನಲ್ ಎಫ್‌ಡಿ ಮೇಲೆ ಬೇರೆ ಐಆಕ್ಟಲ್. ಕಾರ್ಡ್‌ನ ಕೆರೆಫ್ ಏರಿಸುವುದು ಮೊದಲು, ಅನಾನ್_ಐನೋಡ್_ಗೆಟ್‌ಎಫ್‌ಡಿ ಕಟ್ಟಕಡೆಗೆ. ಎಂಪ್ರೊಟೆಕ್ಟ್ ಪರೀಕ್ಷೆಗೆ ಈಗ ಕೆಲಸವೇ ಇಲ್ಲ, ಆದರೂ ಅಳತೆಯ ಐಆಕ್ಟಲ್‌ಗೆ ಓಡಿಸಿದೆ, ಇಫಾಲ್ಟ್ ಬಂತು, ಚಾನಲ್ ಹಾಗೇ ಇತ್ತು. ಒಂದು ಥ್ರೆಡ್ ಚಾನಲ್ ಕೇಳುತ್ತಾ, ಇನ್ನೊಂದು ಥ್ರೆಡ್ 3ರಿಂದ 20ರವರೆಗಿನ ನಂಬರನ್ನೆಲ್ಲ ಕ್ಲೋಸ್ ಮಾಡುತ್ತಾ ರಾತ್ರಿಯಿಡೀ ಓಡಿಸಿದೆ. ಕೇಸಾನ್ ಒಂದು ಸಾಲೂ ಬರೆಯಲಿಲ್ಲ. ಅನ್‌ಬೈಂಡ್ ಮಾಡಿದಾಗ ಪೋಲ್‌ನಲ್ಲಿ ಕಾಯುತ್ತಿದ್ದ ಪ್ರೋಗ್ರಾಂ ಎದ್ದು, ಇನೋಡೆವ್ ನೋಡಿ, ಮರ್ಯಾದೆಯಾಗಿ ಮುಗಿಯಿತು.

ಹಿರಿಯರು ಸೋಮವಾರ ರಜೆಯಿಂದ ಬರುತ್ತಾರೆ, ಅಷ್ಟರಲ್ಲಿ ಪ್ಯಾಚ್ ಅವರ ಮುಂದೆ ಇರುತ್ತದೆ. ಸ್ಟ್ರಕ್ಟ್‌ನ ಕೊನೆಯಲ್ಲಿ ಮುಂದಿನ ಬಳಕೆಗೆ ಅಂತ ನಾಲ್ಕು ಜಾಗ ಖಾಲಿ ಬಿಟ್ಟಿದ್ದೇನೆ, ಸಾಕಲ್ವಾ?

ಹಳೆ_ಪ್ಯಾಚ್

ಸಾಕು. ಆದರೆ ಆ ಜಾಗಗಳಲ್ಲಿ ಸೊನ್ನೆಯೇ ಇದೆಯಾ ಅಂತ ಇವತ್ತಿನಿಂದಲೇ ನೋಡಿ, ಇಲ್ಲದಿದ್ದರೆ ಇ-ಇನ್ವಾಲ್ ಕೊಡಿ. ಈಗ ನೋಡದೆ ಬಿಟ್ಟರೆ ಯಾರೋ ತೊಳೆಯದ ಸ್ಟ್ಯಾಕ್‌ನಿಂದ ಕಸ ತುಂಬಿ ಕಳಿಸುತ್ತಾರೆ, ಅದು ಕೆಲಸವೂ ಮಾಡುತ್ತದೆ. ಎರಡು ವರ್ಷ ಆದ ಮೇಲೆ ಆ ಜಾಗಕ್ಕೆ ಅರ್ಥ ಕೊಡಲು ಹೊರಟರೆ ಅವರ ಪ್ರೋಗ್ರಾಂ ಮುರಿಯುತ್ತದೆ. ಸ್ಟ್ರಕ್ಟ್‌ನ ಅಳತೆ 32 ಬಿಟ್ ಮತ್ತು 64 ಬಿಟ್ ಎರಡರಲ್ಲೂ ಒಂದೇ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ, ಆಮೇಲೆ ಕಳಿಸಿ.